ಆಯಿಯ ಕಾಲಿಗೆ ಬಲ ತಂದ ರಾಗಿ-ಹುರುಳಿ ಗಂಜಿ

ಕಳೆದ ಮೇ ತಿಂಗಳಲ್ಲಿ ಆಯಿ ಜ್ವರ ಬಂದು ಮೂರು ವಾರ ಮಲಗಿದಳು. ಎದ್ದಾಗ ಮೀನಖಂಡ ಕರಗಿ ಚರ್ಮ ಜೋತು ಬಿದ್ದಿತ್ತು. ವಯಸ್ಸು 76. ಕೈ ಊರದೆ ಕುರ್ಚಿಯಿಂದ ಎರಡು ಸಲ ಏಳುವಷ್ಟರಲ್ಲಿ ಸುಸ್ತು.

ಪ್ರೋಟೀನ್ ಪುಡಿ ತಂದೆ. ಡಬ್ಬಿಗೆ 900 ರೂಪಾಯಿ ಹತ್ತಿರ, ಎರಡು ವಾರಕ್ಕೆ ಖಾಲಿ. ಆಯಿಗೆ ಅದು ಸೇರಲೂ ಇಲ್ಲ. ಆಮೇಲೆ ಮೊಳಕೆ ರಾಗಿ, ಹುರುಳಿ ಹಿಡಿದೆ. ಊರಲ್ಲಿ ಎಲ್ಲರದ್ದೂ ಒಂದೇ ಮಾತು: "ಗಂಜಿ ಕುಡಿದ್ರೆ ಮೈ ಬರ್ತದಾ?"

ಮೊಳಕೆ ಕಟ್ಟುವುದು ನಿಮಗೆಲ್ಲ ಗೊತ್ತಿದ್ದದ್ದೇ. ಶಿರಸಿ ಮಳೆಯಲ್ಲಿ ಒಣಗಿಸುವುದೇ ಕಷ್ಟ. ಮೊದಲ ಸಲದ ನಾಲ್ಕು ಕೇಜಿ ರಾಗಿಗೆ ಬೂಷ್ಟು ಬಂತು, ಪೂರ್ತಿ ಚೆಲ್ಲಿದೆ. ಎರಡನೇ ಸಲ ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಹರವಿದೆ. ಒಣಗಿತು, ಆದರೆ ಹೊಗೆ ವಾಸನೆ. ಆಯಿ ಲೋಟ ಮೂಗಿನ ಹತ್ತಿರ ಹಿಡಿದವಳೇ ಆಚೆ ಇಟ್ಟಳು. ಮೂರನೇ ಸಲ ಪಕ್ಕದ ಮನೆಯ ಅಡಿಕೆ ಡ್ರೈಯರ್‌ನಲ್ಲಿ ಹಳೇ ಪಂಚೆ ಹಾಸಿ ಹರವಿದೆ. ಗರಿಗರಿಯಾಗಿ ಬಂತು. ಎಷ್ಟು ಬಿಸಿ, ಎಷ್ಟು ಹೊತ್ತು ಅನ್ನುವುದು ನನ್ನ ಹತ್ತಿರವೇ ಇರಲಿ, ಕಷ್ಟಪಟ್ಟು ಕಲಿತದ್ದು.

ಎರಡು ಪಾಲು ರಾಗಿಗೆ ಒಂದು ಪಾಲು ಹುರಿದ ಹುರುಳಿ. ಹಿಟ್ಟು ಜರಡಿ ಹಿಡಿಯಬೇಡಿ. ಬರೀ ರಾಗಿ ಸಾಲದು. 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಏಳು ಗ್ರಾಂ, ಹುರುಳಿಯಲ್ಲಿ 22ರ ಹತ್ತಿರ. ಧಾನ್ಯದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಪ್ರೋಟೀನ್ ಅಂಶ ಕೂಡ ಹುರುಳಿಯಿಂದ ಸಿಗುತ್ತದೆ. ಬೆಳಿಗ್ಗೆ, ರಾತ್ರಿ ಹಾಲು ಹಾಕಿದ ಗಂಜಿ. ಮಧ್ಯಾಹ್ನ ಬಿಳಿ ಅನ್ನ ಬಿಡಿಸಿ ಕಗ್ಗದ ಅನ್ನ, ಜೊತೆಗೆ ದಪ್ಪ ಬೇಳೆ ಸಾರು. ಕಗ್ಗ ಅಂದರೆ ಕುಮಟಾ ಕಡೆ ಅಘನಾಶಿನಿ ಹೊಳೆಯ ಗಜನಿ, ಅಂದರೆ ಭರತದ ನೀರು ನುಗ್ಗುವ ಗದ್ದೆಗಳಲ್ಲಿ ಉಪ್ಪುನೀರು ತಡೆದುಕೊಂಡು ಬೆಳೆಯುತ್ತದಲ್ಲ, ಆ ಭತ್ತ. ತೌಡು ತೆಗೆಯದ ಅಕ್ಕಿ ಬೇಗ ಮುಗ್ಗಲು ಹಿಡಿಯುತ್ತದೆ. ಹತ್ತು ಕೇಜಿ ಒಟ್ಟಿಗೆ ತಂದು ಅರ್ಧ ಕಳೆದುಕೊಂಡೆ, ಈಗ ಎರಡೆರಡೇ ಕೇಜಿ ತರುವುದು. ಮಧ್ಯೆ ಹುಬ್ಬಳ್ಳಿಯಿಂದ ಜೋಳ ತಂದು ಬೆರೆಸಿಯೂ ನೋಡಿದೆ. ಗಂಜಿ ತರಿತರಿ ಆಯಿತು, ಬಿಟ್ಟೆ.

ಸುಮ್ನೆ ಕುಡಿಸಿ ಕೂರಿಸಿದ್ದರೆ ಏನೂ ಆಗುತ್ತಿರಲಿಲ್ಲ. ದಿನಕ್ಕೆ ಎರಡು ಹೊತ್ತು ಕುರ್ಚಿಯಿಂದ ಏಳಿಸಿ ಕೂರಿಸಿದೆ, ಮಳೆ ಇರಲಿ ಬಿಡಲಿ. ಮೊದಲ ತಿಂಗಳು ಏನೂ ಕಾಣಲಿಲ್ಲ. ಮೂರನೇ ತಿಂಗಳಿಗೆ ಅರ್ಧ ನಿಮಿಷದಲ್ಲಿ ಆರೇಳು ಸಲ ಎದ್ದಳು, ಐದನೆಯದಕ್ಕೆ ಹನ್ನೊಂದು. ಖರ್ಚು ತಿಂಗಳಿಗೆ 600 ರೂಪಾಯಿ ದಾಟಲಿಲ್ಲ.

ದೊಡ್ಡಹಬ್ಬದ (ದೀಪಾವಳಿಯ) ದಿನ ಕೊಟ್ಟಿಗೆ ಮೆಟ್ಟಿಲು ತಾನೇ ಇಳಿದು ಬಂದು ದನದ ಕೊರಳಿಗೆ ಅಡಿಕೆ ಮಾಲೆ ಕಟ್ಟಿದಳು. ಹಿಟ್ಟಿನ ಅಳತೆ ಕೇಳಲು ಈಗ ಊರಿನ ನಾಲ್ಕು ಮನೆಯವರು ಬರುತ್ತಾರೆ.