ಓದಿದ ಲೆಕ್ಕ ಕ್ಯಾಲಿಬರ್‌ಗೆ ಬಂತು, ಅದೂ ಬರೀ ಕೇಬಲ್‌ನಲ್ಲಿ

ಕೋಬೊ ಇ-ರೀಡರ್‌ನಲ್ಲಿ ಎಷ್ಟು ಓದಿದ್ದೇನೆ ಅನ್ನೋದು ಈಗ ಕ್ಯಾಲಿಬರ್‌ನ (ಕಂಪ್ಯೂಟರ್‌ನಲ್ಲಿ ಇ-ಪುಸ್ತಕ ಜೋಡಿಸಿಡುವ ಸಾಫ್ಟ್‌ವೇರ್) ಕಾಲಂನಲ್ಲಿ ತಾನಾಗಿ ಕಾಣುತ್ತದೆ. ಸರ್ವರ್ ಇಲ್ಲದೆ ಆಗುವ ಕೆಲಸ ಅಲ್ಲ ಎಂದು ಮಣಿಪಾಲದ ಗೆಳೆಯರು ಪಟ್ಟು ಹಿಡಿದಿದ್ದರು. ಆಯ್ತು ನೋಡಿ.

ಅವರ ಮಾತು ಕೇಳಿ ಮೊದಲು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ತಂದೆ. ಮೆಮೊರಿ ಕಾರ್ಡು, ಅಡಾಪ್ಟರ್ ಸೇರಿ ಆರು ಸಾವಿರದ ಹತ್ತಿರ ಹೋಯಿತು. ಅದರಲ್ಲಿ, ನಾನು ಓದಲು ಬಳಸುವ ಕೋರೀಡರ್ ಆ್ಯಪ್‌ನ ಸಿಂಕ್ ಸರ್ವರ್ ಕೂರಿಸಿದೆ. ಫೋನಿಗೂ ಕೋಬೊಗೂ ಚೆನ್ನಾಗಿಯೇ ಹೊಂದಿಕೊಂಡಿತು. ಮಂಗಳೂರು ಬಸ್ಸಿನಲ್ಲಿ ಪಡುಬಿದ್ರಿವರೆಗೆ ಫೋನಿನಲ್ಲಿ ಓದಿದ್ದು, ರಾತ್ರಿ ಉಡುಪಿ ಮನೆಯಲ್ಲಿ ಕೋಬೊದಲ್ಲಿ ಅಲ್ಲಿಂದಲೇ ಮುಂದುವರಿಯುತ್ತಿತ್ತು. ಆದರೆ ಕ್ಯಾಲಿಬರ್‌ಗೆ ಒಂದಕ್ಷರ ಬರಲಿಲ್ಲ. ಆ ಸರ್ವರ್‌ಗೆ ಪುಸ್ತಕದ ಹೆಸರೇ ಗೊತ್ತಿರೋದಿಲ್ಲ. ಅದರ ಹತ್ತಿರ ಮುಖ್ಯವಾಗಿ ಇರೋದು ಒಂದು ಎಂಡಿ5 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಗುರುತು), ಓದಿದ ಜಾಗ. ಕ್ಯಾಲಿಬರ್ ಪುಸ್ತಕ ಕಳಿಸುವಾಗ ಒಳಗಿನ ಮೆಟಾಡೇಟಾ (ಹೆಸರು, ಲೇಖಕರಂಥ ವಿವರ) ಬದಲಿಸುತ್ತದೆ, ಹಾಗಾಗಿ ಎರಡು ಕಡೆಯ ಹ್ಯಾಶ್ ತಾಳೆಯಾಗುವುದಿಲ್ಲ. ಫೈಲ್ ಹೆಸರು ನೋಡಿ ಹೊಂದಿಸೋಣ ಅಂದರೆ, ಕನ್ನಡ ಹೆಸರುಗಳೆಲ್ಲ ಕ್ಯಾಲಿಬರ್ ಲೈಬ್ರರಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ತಿರುಗಿರುತ್ತವೆ. ನಮ್ಮಂಥವರಿಗೆ ಇದೇ ದೊಡ್ಡ ತಲೆನೋವು. ಅಷ್ಟರಲ್ಲಿ ಆಟಿ ಮಳೆಗೆ ಕರೆಂಟ್ ಹೋಗಿ ಬಂದು, ಪೈಯ ಕಾರ್ಡೂ ಕೆಟ್ಟಿತು. ಬಾಡಿಗೆ ಸರ್ವರ್‌ಗೆ ತಿಂಗಳಿಗೆ ನಾನೂರು ಚಿಲ್ಲರೆ ಕೇಳಿದರು. ಬೇಡ ಅಂದೆ.

ಉತ್ತರ ಕೋಬೊದ ಒಳಗೇ ಇತ್ತು. ಕೋರೀಡರ್ ಪ್ರತಿ ಪುಸ್ತಕದ ಪಕ್ಕ, ಹೆಸರಿನ ಕೊನೆಗೆ ‘ಎಸ್‌ಡಿಆರ್’ ಇರುವ ಒಂದು ಫೋಲ್ಡರ್ ಮಾಡುತ್ತದೆ ಅಲ್ವಾ? ಅದರೊಳಗಿನ ಲುವಾ ಫೈಲ್ ತೆರೆದು ನೋಡಿ. ‘ಪರ್ಸೆಂಟ್ ಫಿನಿಶ್ಡ್’ ಎದುರು 0.46 ಥರದ ಸಂಖ್ಯೆ ಇರುತ್ತದೆ. ಅಂದರೆ ಶೇಕಡ 46. ಕ್ಯಾಲಿಬರ್‌ನ ಕೋರೀಡರ್ ಸಿಂಕ್ ಪ್ಲಗಿನ್ (ಕ್ಯಾಲಿಬರ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) ಓದುವುದು ಇದನ್ನೇ. ಕ್ಯಾಲಿಬರ್‌ನಲ್ಲಿ ದಶಾಂಶದ ಕಾಲಂ ಒಂದು ಮಾಡಿ ಪ್ಲಗಿನ್‌ಗೆ ತೋರಿಸಿದೆ. ಕೋರೀಡರ್‌ನಲ್ಲಿ ಮೆಟಾಡೇಟಾ ಜಾಗವನ್ನು, ಅಂದರೆ ಈ ಎಸ್‌ಡಿಆರ್ ಫೋಲ್ಡರ್ ಕೂರುವ ಜಾಗವನ್ನು, ಪುಸ್ತಕದ ಫೋಲ್ಡರ್‌ಗೇ ಇಟ್ಟೆ. ಬೇರೆ ಕಡೆ ಇಟ್ಟಾಗ ಪ್ಲಗಿನ್‌ಗೆ ಏನೂ ಸಿಗಲಿಲ್ಲ. ಪುಸ್ತಕವನ್ನು ಕ್ಯಾಲಿಬರ್‌ನಿಂದಲೇ ಕಳಿಸಬೇಕು, ಕೈಯಲ್ಲಿ ಕಾಪಿ ಮಾಡಿದ್ದು ಹೊಂದುವುದಿಲ್ಲ. ಕೇಬಲ್ ಹಾಕುವ ಮೊದಲು ಪುಸ್ತಕ ಮುಚ್ಚಿ, ಆಗ ಹೊಸ ಲೆಕ್ಕ ಫೈಲಿಗೆ ಬಿದ್ದಿರುತ್ತದೆ.

ಕೇಬಲ್‌ಗೆ ಖರ್ಚಾದದ್ದು ನೂರೈವತ್ತು ರೂಪಾಯಿ. ಡೇಟಾ ಹೋಗುವ ಕೇಬಲ್ ಕೇಳಿ ತಗೊಳ್ಳಿ, ಚಾರ್ಜಿಂಗ್‌ನದ್ದು ಬೇಡ.

ನಡುವೆ ಸುಮ್ನೆ ಕೋಬೊದ ಸ್ವಂತ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲನ್ನೂ ಕೆದಕಿದೆ. ಅಲ್ಲೂ ಶೇಕಡ ಲೆಕ್ಕ ಇದೆ. ಆದರೆ ಕೋಬೊದ ಸ್ವಂತ ಆ್ಯಪ್‌ನಲ್ಲಿ ಓದಿದ್ದು ಮಾತ್ರ. ಕೋರೀಡರ್‌ನವರಿಗೆ ಉಪಯೋಗ ಇಲ್ಲ.

ಈಗ ಮುನ್ನೂರರಷ್ಟು ಪುಸ್ತಕಗಳ ಲೆಕ್ಕ ಒಂದೇ ಕ್ಲಿಕ್‌ನಲ್ಲಿ ಬರುತ್ತದೆ. ಅರ್ಧಕ್ಕೆ ನಿಂತ ಪುಸ್ತಕಗಳು ಕೆಂಪಾಗಿ ಮೇಲೆ ಬರುವ ಹಾಗೂ ಮಾಡಿಕೊಂಡಿದ್ದೇನೆ. ಆ ಸೂತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಇನ್ನೂ ತಿದ್ದುತ್ತಿದ್ದೇನೆ.