ಎರಡು ವಾಷರ್ ಉಳಿಸಿದ ಕ್ಲಚ್: ನನ್ನ ಅನುಭವ

ಕಾಫಿ ತೋಟದ ಗೌಡರೊಬ್ಬರ ಗಾಡಿ, ನನ್ನ ಹತ್ತಿರ ಬಂದಾಗ ಒಂದು ವರ್ಷದ್ದು. ಡೀಸೆಲ್, ಸಣ್ಣ ಎಸ್‌ಯುವಿ. ಮೊದಲ ಕ್ಲಚ್ 14 ಸಾವಿರ ಕಿಲೋಮೀಟರ್ ಆಸುಪಾಸಿನಲ್ಲಿ ಹೋಯಿತು. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಹೊಸದು ಹಾಕಿದರು. ಅದು 10 ಸಾವಿರವೂ ಬಾಳಲಿಲ್ಲ. ಎರಡನೇ ಸಲ ಸುಟ್ಟ ಮೇಲೆ ಗಾಡಿ ಮೂಡಿಗೆರೆಗೆ, ನನ್ನ ಗ್ಯಾರೇಜಿಗೆ ಬಂತು. ನಾನು ಹಾಕಿದ ಪ್ಲೇಟ್ ಈಗ 40 ಸಾವಿರ ದಾಟಿದೆ. ಅದೇ ತೋಟದ ರಸ್ತೆ, ಅದೇ ಚಾರ್ಮಾಡಿ ಘಾಟಿ, ಅದೇ ಡ್ರೈವರ್. ಆಗಲ್ಲ ಅಂದಿದ್ದವರು ಈಗ ಫೋನ್ ಮಾಡಿ ಏನು ಮಾಡಿದೆ ಅಂತ ಕೇಳುತ್ತಿದ್ದಾರೆ. ಎಲ್ಲರಿಗೂ ಒಂದೇ ಸಲ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಸರ್ವಿಸ್ ಸೆಂಟರಿನವರು ಹೇಳಿದ್ದು ನಿಮಗೆಲ್ಲ ಗೊತ್ತಿರೋ ಮಾತೇ. "ಡ್ರೈವರ್ ಹಾಫ್ ಕ್ಲಚ್‌ನಲ್ಲಿ ಓಡಿಸ್ತಾನೆ ಸರ್. ಕ್ಲಚ್‌ಗೆ ವಾರಂಟಿ ಬರಲ್ಲ." ಹಾಫ್ ಕ್ಲಚ್ ಅಂದರೆ ಪೆಡಲ್ ಅರ್ಧ ಒತ್ತಿಕೊಂಡೇ ಓಡಿಸೋದು. ಬ್ರೇಕ್ ಪ್ಯಾಡ್, ವೈಪರ್ ಬ್ಲೇಡ್ ಥರ ಕ್ಲಚ್ ಪ್ಲೇಟನ್ನೂ ಸವೆಯೋ ಸಾಮಾನು ಅಂತ ಬುಕ್ಕಿನಲ್ಲಿ ಬರೆದಿರುತ್ತಾರೆ. ಗೌಡರು ಸುಮಾರು 27 ಸಾವಿರ ಬಿಲ್ ಕಟ್ಟಿ ಬಂದರು. ಡ್ರೈವರ್ ಅಣ್ಣನಿಗೆ ಮಾತ್ರ ಬಹಳ ಬೇಜಾರಾಗಿತ್ತು. ಆತ ಅದೇ ತೋಟದಲ್ಲಿ ಹಳೇ ಜೀಪ್ ಓಡಿಸಿಕೊಂಡು ಬಂದವನು. ಆ ಜೀಪಿನ ಒಂದು ಕ್ಲಚ್ 80 ಸಾವಿರ ಹತ್ತಿರ ಬಂದಿತ್ತು, ಇಳಿಸಿದ್ದು ನಾನೇ. ಅಂಥವನ ಕಾಲಿಗೆ ಇದ್ದಕ್ಕಿದ್ದಂತೆ ಏನು ರೋಗ ಬಂತು ಅಂತ ನನಗೆ ಅಲ್ಲೇ ಅನುಮಾನ.

ಗೇರ್ ಬಾಕ್ಸ್ ಇಳಿಸಿ ನೋಡಿದೆ. ಪ್ಲೇಟ್ ಸವೆದು ರಿವೆಟ್ ಮಟ್ಟಕ್ಕೆ ಬಂದಿತ್ತು. ಪ್ಲೇಟ್ ಒತ್ತಿಕೊಳ್ಳೋ ಎಂಜಿನ್ ಬದಿಯ ಚಕ್ರ, ಅಂದರೆ ಫ್ಲೈವೀಲ್ ಮೇಲೆ ಅಲ್ಲಲ್ಲಿ ನೀಲಿ ಕಲೆ, ಕೂದಲೆಳೆಯಂಥ ಸೀಳು. ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯೋ ಪ್ರೆಷರ್ ಪ್ಲೇಟಿನ ಬೆರಳುಗಳ (ಸ್ಪ್ರಿಂಗ್ ಪಟ್ಟಿಗಳ) ತುದಿ ಮಿರಿಮಿರಿ ಹೊಳೆಯುತ್ತಿತ್ತು, ಉಗುರು ಆಡಿಸಿದರೆ ಸಣ್ಣ ಗುಳಿ ಸಿಗುತ್ತಿತ್ತು. 10 ಸಾವಿರವೂ ಓಡದ ಪ್ರೆಷರ್ ಪ್ಲೇಟ್ ಅದು. ಪೆಡಲ್ ಒತ್ತಿದಾಗ ಆ ಬೆರಳುಗಳನ್ನು ತಳ್ಳಿ ಪ್ಲೇಟ್ ಬಿಡಿಸೋ ರಿಲೀಸ್ ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಗರಗರ ಸದ್ದು, ಗ್ರೀಸ್ ಒಣಗಿ ಕರಿ ಪುಡಿ. ಬೇರಿಂಗ್ ಮೇಲೆ ಯಾವಾಗಲೂ ಒತ್ತಡ ಇತ್ತು ಅನ್ನೋದು ಅಲ್ಲಿಗೆ ಗೊತ್ತಾಯಿತು. ಒತ್ತುತ್ತಿದ್ದದ್ದು ಕಾಲೋ ಬೇರೇನೋ ಅನ್ನೋದು ಗೊತ್ತಾಗಬೇಕಿತ್ತು.

ಹೊಸ ಸೆಟ್ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದೆ. 10-11 ಸಾವಿರ ಆಯಿತು ಅಂತ ನೆನಪು. ಪುಣ್ಯಕ್ಕೆ ಇದು ಡ್ಯುಯಲ್ ಮಾಸ್ ಫ್ಲೈವೀಲ್ (ಒಳಗೆ ಸ್ಪ್ರಿಂಗ್ ಇರೋ ಎರಡು ತುಂಡಿನದು) ಅಲ್ಲ. ಆಗಿದ್ದರೆ ಗೌಡರ ಖರ್ಚು ಎಲ್ಲಿಗೋ ಹೋಗುತ್ತಿತ್ತು. ಹಾಸನದ ಲೇತಿನಲ್ಲಿ ಫ್ಲೈವೀಲ್ ಗ್ರೈಂಡ್ ಮಾಡಿಸಿದೆ, 900 ರೂಪಾಯಿ. ಸೀಳು ಹೋಗೋವರೆಗೆ ಮಾತ್ರ ತೆಗೆಸಿ, ಜಾಸ್ತಿ ತೆಗೆಸಬೇಡಿ. ಸರ್ವಿಸ್ ಸೆಂಟರಿನಲ್ಲಿ ಆ ಸುಟ್ಟ ಮುಖದ ಮೇಲೇ ಹೊಸ ಪ್ಲೇಟ್ ಕೂರಿಸಿ ಕಳಿಸಿದ್ದರು. ಅದನ್ನು ಕಂಡು ನನಗೆ ನಿಜಕ್ಕೂ ಸಿಟ್ಟು ಬಂತು.

ಎಲ್ಲ ಕೂರಿಸಿ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ವಾಪಸ್ ಹತ್ತಿದೆ. ಅರ್ಧ ಏರಿಗೇ ಎಂಜಿನ್ ಆರ್‌ಪಿಎಂ ಏರಿತು, ಗಾಡಿಯ ವೇಗ ಇಳಿಯಿತು. ಹೊಸ ಪ್ಲೇಟ್, ಹೊಸ ಪ್ರೆಷರ್ ಪ್ಲೇಟ್, ಓಡಿಸುತ್ತಿರೋದು ನಾನು. ಪೆಡಲ್ ಮೇಲೆ ಕಾಲಿಲ್ಲ. ಆದರೂ ಸ್ಲಿಪ್, ಅಂದರೆ ಪ್ಲೇಟ್ ಹಿಡಿಯದೆ ಜಾರುತ್ತಿದೆ! ರಸ್ತೆ ಬದಿ ನಿಲ್ಲಿಸಿ ತಣಿಯಲು ಬಿಟ್ಟೆ. ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಎಳೆಯಿತು. ಒಂದು ವಿಷಯ ಗಮನಕ್ಕೆ ಬಂತು. ತಣ್ಣಗಿದ್ದಾಗ ಕ್ಲಚ್ ಪೆಡಲಿನ ನಡುಮಧ್ಯದಲ್ಲಿ ಹಿಡಿಯುತ್ತಿತ್ತು. ಬಿಸಿ ಆದ ಮೇಲೆ ಪೂರ್ತಿ ಮೇಲೆ, ಕಾಲು ಎತ್ತುವ ಕೊನೆಯಲ್ಲಿ.

ಈ ಹಂತದಲ್ಲಿ ಗೆಳೆಯರನ್ನು ಕೇಳಿದೆ. ಒಬ್ಬ, ತೋಟದ ರಸ್ತೆ ಮಾರಾಯ, ಇಷ್ಟೇ ಬಾಳೋದು ಅಂದ. ಇನ್ನೊಬ್ಬ, ಹೆವಿ ಸ್ಪ್ರಿಂಗ್ ಪ್ರೆಷರ್ ಪ್ಲೇಟ್ ಹಾಕು ಅಂದ. ಮತ್ತೊಬ್ಬ, ಗಾಡಿ ಮಾರಿಸು ಅಂತಲೇ ಹೇಳಿದ. ಡ್ರೈವರ್ ಸರಿ ಇಲ್ಲ ಅಂತ ಕಂಪನಿಯವರು ಹೇಳಿದ್ದನ್ನು ಎಲ್ಲರೂ ನಂಬಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ಹೆವಿ ಸ್ಪ್ರಿಂಗ್ ಹಾಕಿದ ಗಾಡಿಗಳನ್ನು ನಾನು ನೋಡಿದ್ದೇನೆ. ಪೆಡಲ್ ಕಲ್ಲಿನಂತೆ ಆಗುತ್ತೆ, ಬೇರಿಂಗನ್ನು ತಳ್ಳೋ ಸ್ಲೇವ್ ಸಿಲಿಂಡರ್ ಬೇಗ ಹೋಗುತ್ತೆ.

ನಾನು ಮೊದಲು, ಪೆಡಲಿನ ಒತ್ತಡವನ್ನು ಬೇರಿಂಗಿಗೆ ಮುಟ್ಟಿಸೋ ಕ್ಲಚ್ ಆಯಿಲ್ ಬದಲಿಸಿದೆ. ಡಾಟ್ 4 ದರ್ಜೆಯದು, ಪೂರ್ತಿ ಹೊಸದು, ಒಳಗಿನ ಗಾಳಿ ಹೋಗೋವರೆಗೆ ಚೆನ್ನಾಗಿ ಬ್ಲೀಡ್ ಮಾಡಿದೆ. ಒಂದೆರಡು ದಿನ ಸರಿ ಇತ್ತು, ಆಮೇಲೆ ಅದೇ ಕತೆ. ಹೋಸ್ ಒಳಗಡೆ ಊದಿಕೊಂಡು ಆಯಿಲ್ ವಾಪಸ್ ಬಿಡುತ್ತಿಲ್ಲವೇನೋ ಅಂತ ಅದನ್ನೂ ಬದಲಿಸಿದೆ. 1,800 ರೂಪಾಯಿ ಹೋಯಿತು, ಫಲ ಇಲ್ಲ. ಈ ಎರಡಕ್ಕೂ ಗೌಡರ ಹತ್ತಿರ ದುಡ್ಡು ತೆಗೆದುಕೊಳ್ಳಲಿಲ್ಲ.

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಮುಂದಿನ ಪರೀಕ್ಷೆ. ಮತ್ತೆ ಘಾಟಿ ಹತ್ತಿಸಿ, ಸ್ಲಿಪ್ ಶುರುವಾದ ಕೂಡಲೇ ನಿಲ್ಲಿಸಿ, ಎಂಜಿನ್ ಆಫ್ ಮಾಡಿದೆ. ಚಕ್ರಕ್ಕೆ ಕಲ್ಲು ಕೊಟ್ಟೆ. ಪೆಡಲ್ ಮುಟ್ಟಬೇಡ ಅಂತ ಡ್ರೈವರ್ ಅಣ್ಣನನ್ನು ಕೆಳಗಿಳಿಸಿದೆ. ಲೈನಿನ ಆಯಿಲ್ ಹೊರಬಿಡೋ ಸ್ಕ್ರೂ, ಅಂದರೆ ಬ್ಲೀಡರ್‌ಗೆ ಟ್ಯೂಬ್ ಹಾಕಿ, 10ರ ಸ್ಪ್ಯಾನರಿನಲ್ಲಿ ಕಾಲು ಸುತ್ತು ಸಡಿಲಿಸಿದೆ. ಚುಳ್ ಅಂತ ಆಯಿಲ್ ಚಿಮ್ಮಿ ಬಾಟಲಿ ಗೋಡೆಗೆ ಹೊಡೆಯಿತು. ತಕ್ಷಣ ಟೈಟ್ ಮಾಡಿದೆ. ಪೆಡಲ್ ಮೇಲೆ ಯಾರ ಕಾಲೂ ಇಲ್ಲ, ಆದರೂ ಲೈನಿನಲ್ಲಿ ಪ್ರೆಷರ್! ಗಾಡಿ ಸ್ಟಾರ್ಟ್ ಮಾಡಿ ಹೊರಟರೆ ಅದೇ ಬಿಸಿ ಕ್ಲಚ್, ಅದೇ ಏರು, ಒಂಚೂರೂ ಸ್ಲಿಪ್ ಇಲ್ಲ. ಡ್ರೈವರ್ ಅಣ್ಣ ಅಷ್ಟನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದ. ಅದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಹೋಸ್ ಹೊಸದು, ಸ್ಲೇವ್ ಕೂಡ ಸೆಟ್ಟಿನ ಜೊತೆ ಬಂದ ಹೊಸದು. ಉಳಿದದ್ದು ಪೆಡಲ್ ಕಡೆಯಿಂದ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್. ಪೆಡಲ್ ಬಿಟ್ಟಾಗ ಮಾಸ್ಟರಿನ ರಬ್ಬರ್ ಕಪ್ ಪೂರ್ತಿ ಹಿಂದೆ ಬಂದರೆ ಮಾತ್ರ ಆಯಿಲ್ ಡಬ್ಬಿಗೆ ವಾಪಸ್ ಹೋಗೋ ತೂತು ತೆರೆಯುತ್ತೆ. ತೆರೆಯದಿದ್ದರೆ ಒಳಗಿನ ಆಯಿಲ್ ಬಿಸಿಗೆ ಹಿಗ್ಗಿದಾಗ ಹೋಗಲು ಜಾಗವಿಲ್ಲ, ಬೇರಿಂಗನ್ನು ತಳ್ಳುತ್ತೆ. ಪ್ಲೇಟ್ ಸವೆದಂತೆ ಬೆರಳುಗಳು ಬೇರಿಂಗ್ ಕಡೆ ಬರುತ್ತವಲ್ಲ, ಆಗಲೂ ಆಯಿಲ್ ವಾಪಸ್ ಹೋಗಲೇಬೇಕು. ಇಲ್ಲಿ ದಾರಿ ಮುಚ್ಚಿತ್ತು. ಪೆಡಲ್ ಬೆರಳಲ್ಲಿ ಒತ್ತಿ ನೋಡಿದರೆ ಪ್ಲೇ, ಅಂದರೆ ಬಿಗಿ ಸಿಗೋ ಮೊದಲಿನ ಸಡಿಲು, ಸೊನ್ನೆ. ಇಂಥ ಪೆಡಲಿಗೆ ಕಡಿಮೆ ಅಂದರೂ ಕೆಲವು ಮಿಲಿಮೀಟರ್ ಇರಬೇಕು.

ಪೆಡಲಿನಿಂದ ಮಾಸ್ಟರಿಗೆ ಹೋಗೋ ಪುಶ್ ರಾಡನ್ನು ಈ ಗಾಡಿಯಲ್ಲಿ ಅಡ್ಜಸ್ಟ್ ಮಾಡಲು ಬರಲ್ಲ. ಹಾಗಾಗಿ ಮಾಸ್ಟರಿನ ಎರಡು ನಟ್ ಬಿಚ್ಚಿ, ಅದನ್ನು ಸ್ವಲ್ಪ ಮುಂದಕ್ಕೆ ಎಳೆದು, ಹಿಂದೆ ಒಂದೊಂದು ತೆಳು ವಾಷರ್ ಕೊಟ್ಟೆ. ದಪ್ಪ ಹೆಚ್ಚುಕಡಿಮೆ 1 ಮಿಲಿಮೀಟರ್. ಪೆಡಲಿಗೆ ಪ್ಲೇ ಬಂತು. ಗ್ಯಾರೇಜಿಗೆ ಬಂದವರೆಲ್ಲ ನಕ್ಕರು. "30 ಸಾವಿರದ ಕೆಲಸಕ್ಕೆ ಎರಡು ರೂಪಾಯಿ ವಾಷರ್ ಹಾಕ್ತಾ ಇದೀಯಲ್ಲೋ!" ಅದೇ ದಿನ ಗಾಡಿಯಲ್ಲಿ ಐದು ಜನ ಕೂರಿಸಿಕೊಂಡು ಚಾರ್ಮಾಡಿ ಹತ್ತಿಸಿದೆ. ಮೇಲೆ ಬಂದು ಬ್ಲೀಡರ್ ಸಡಿಲಿಸಿದರೆ ಹನಿ ಹನಿ ಇಳಿಯಿತು, ಚಿಮ್ಮಲಿಲ್ಲ. ನಕ್ಕವರಲ್ಲಿ ಇಬ್ಬರು ಅದೇ ಗಾಡಿಯಲ್ಲಿ ಕೂತಿದ್ದರು.

ವಾಷರ್ ಬರೀ ಪರೀಕ್ಷೆಗೆ. ಪ್ಲೇ ಯಾಕೆ ಹೋಯಿತು ಅಂತ ನೋಡಬೇಕಲ್ವಾ? ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಿಡಿದು ಮಲಗಿದೆ. ಪೆಡಲ್ ಮೇಲೆ ಬಂದು ತಾಗೋದು ಕ್ಲಚ್ ಸ್ವಿಚ್ಚಿನ ಬ್ರಾಕೆಟ್ಟಿಗೆ. ಗಾಡಿ ಡೆಲಿವರಿ ಕೊಡುವಾಗ ಶೋರೂಮಿನಲ್ಲೇ ಹೊರಗಿನ ಕಂಪನಿಯ ಕಳ್ಳತನದ ಅಲಾರಂ ಹಾಕಿಸಿದ್ದರು. ಅದರ ವೈರ್ ಎಳೆಯೋವಾಗ ಬ್ರಾಕೆಟ್ ಬಗ್ಗಿಸಿದ್ದಾರೆ. ಇಕ್ಕಳದ ಹಲ್ಲಿನ ಗುರುತು ಪೇಂಟ್ ಮೇಲೆ ಹಾಗೇ ಇತ್ತು. ಪೆಡಲ್ ಕಾಲು ಇಂಚಿನಷ್ಟು ಕೆಳಗೇ ನಿಂತುಬಿಡುತ್ತಿತ್ತು. ಅಷ್ಟು ಸಾಕು, ಮಾಸ್ಟರಿನ ತೂತು ಮುಚ್ಚಲು. ಬ್ರಾಕೆಟ್ ನೆಟ್ಟಗೆ ಮಾಡಿ, ವಾಷರ್ ತೆಗೆದು, ಮತ್ತೆ ಘಾಟಿ ಹತ್ತಿಸಿ ನೋಡಿದೆ. ಪೆಡಲ್ ಸೆಟ್ ಇಳಿಸದೆ ಬ್ರಾಕೆಟ್ ನೆಟ್ಟಗೆ ಮಾಡಲು ನಾನೇ ಒಂದು ಟೂಲ್ ಮಾಡಿಕೊಂಡಿದ್ದೇನೆ. ಅದರ ಆಕಾರ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು. ಒಬ್ಬರೇ ಇದ್ದಾಗ ಬಿಸಿ ಗಾಡಿಯಲ್ಲಿ ಪ್ಲೇ ಅಳೆಯೋ ಉಪಾಯವೂ ನನ್ನ ಹತ್ತಿರವೇ ಇರಲಿ.

ಇದರ ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಹಾಫ್ ಕ್ಲಚ್ ನಿಜಕ್ಕೂ ಎಷ್ಟು ಬಿಸಿ ಮಾಡುತ್ತೆ ಅಂತ ನೋಡುವ ಆಸೆ. ಗ್ಯಾರೇಜಿನ ಹಿಂದಿನ ಏರಿನಲ್ಲಿ ನನ್ನದೇ ಹಳೇ ಕಾರನ್ನು ಒಮ್ಮೆ ಹ್ಯಾಂಡ್ ಬ್ರೇಕಿನಲ್ಲಿ ನಿಲ್ಲಿಸಿ ಎತ್ತಿದೆ, ಇನ್ನೊಮ್ಮೆ ಕ್ಲಚ್ಚಿನಲ್ಲೇ ತೂಗಿಸಿ ನಿಲ್ಲಿಸಿದೆ. ಕ್ಲಚ್ಚನ್ನು ಮುಚ್ಚಿರೋ ಬೆಲ್ ಹೌಸಿಂಗ್ ಮೇಲೆ ಥರ್ಮಾಮೀಟರ್ ಗನ್ ಹಿಡಿದರೆ ಮೊದಲನೆಯದಕ್ಕೆ 70 ಡಿಗ್ರಿ ಆಸುಪಾಸು, ಎರಡನೆಯದಕ್ಕೆ 95 ದಾಟಿತು. ಹೊರಗೇ ಅಷ್ಟಾದರೆ ಪ್ಲೇಟಿನ ಮುಖದ ಮೇಲೆ ಇನ್ನೆಷ್ಟಿರುತ್ತೆ ಅಂತ ನೀವೇ ಲೆಕ್ಕ ಹಾಕಿ. ಹಾಗಾಗಿ ಹಾಫ್ ಕ್ಲಚ್ ಅಪಾಯವೇ ಇಲ್ಲ ಅಂತ ನಾನು ಹೇಳಲ್ಲ. ಆದರೆ ಬ್ಲೀಡರ್ ಸಡಿಲಿಸಿ ನೋಡದೆ ಡ್ರೈವರ್ ಮೇಲೆ ಹಾಕೋದು ಅನ್ಯಾಯ.

ದುಡ್ಡಿನ ವಿಷಯ. ನನ್ನ ಕಡೆ ಸೆಟ್, ಲೇತ್, ಮಜೂರಿ ಸೇರಿ ಗೌಡರಿಗೆ 16 ಸಾವಿರದ ಒಳಗೆ ಬಿತ್ತು. ಆಮೇಲೆ ಅವರು ವಿಡಿಯೋ, ಬ್ರಾಕೆಟ್ಟಿನ ಫೋಟೋ, ಅಲಾರಂ ಹಾಕಿಸಿದ ಬಿಲ್ ಮೂರನ್ನೂ ಸೇರಿಸಿ ಶೋರೂಮಿಗೆ ಪತ್ರ ಕೊಟ್ಟರು. ಮೊದಲು ಉತ್ತರವೇ ಇಲ್ಲ. 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟು, ಮುಂದೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ ಅಂದ ಮೇಲೆ ಮಾತಿಗೆ ಕರೆದರು. ಕೊನೆಗೆ ಮೊದಲ ಬಿಲ್ಲಿನಲ್ಲಿ 18 ಸಾವಿರ ಚಿಲ್ಲರೆ ವಾಪಸ್ ಬಂತು. ಡ್ರೈವರ್ ಅಣ್ಣನ ಎದುರಿಗೇ ಕೊಡಿ ಅಂತ ಗೌಡರು ಪಟ್ಟು ಹಿಡಿದಿದ್ದರು, ಹಾಗೇ ಕೊಟ್ಟರು.

ಈಗ ಕಳಸ, ಬಾಳೆಹೊನ್ನೂರು ಕಡೆಯಿಂದಲೂ ಇಂಥ ಗಾಡಿ ಬರುತ್ತಿವೆ. ಎಲ್ಲದಕ್ಕೂ ಇದೇ ಕಾರಣ ಅಂದುಕೊಳ್ಳಬೇಡಿ. ಮೊನ್ನೆ ಬಂದ ಒಂದರಲ್ಲಿ ಬ್ಲೀಡರ್ ಸಡಿಲಿಸಿದರೆ ಏನೂ ಚಿಮ್ಮಲಿಲ್ಲ, ಪ್ಲೇ ಸರಿಯಾಗೇ ಇತ್ತು. ಬೆಲ್ ಹೌಸಿಂಗ್ ಕೆಳಗಿನ ತೂತಿಗೆ ಬೆರಳಿಟ್ಟರೆ ಎಂಜಿನ್ ಆಯಿಲ್ ಅಂಟಿತು. ಕ್ರ್ಯಾಂಕ್ ಹಿಂದಿನ ಸೀಲ್ ಸೋರಿ ಪ್ಲೇಟ್ ನೆನೆದಿತ್ತು. ಸೀಲ್ ಸೋರುವುದು ಎಂಜಿನ್ ವಾರಂಟಿಗೆ ಬರುತ್ತೆ, ಇನ್ನೂ ವಾರಂಟಿ ಇದ್ದ ಗಾಡಿ ಅದು. ನಾನು ಒಂದು ಬೋಲ್ಟನ್ನೂ ಮುಟ್ಟದೆ, ಫೋಟೋ ತೆಗೆದು ಕೊಟ್ಟು, ನೇರ ಕಂಪನಿ ಸರ್ವಿಸ್ ಸೆಂಟರಿಗೆ ವಾಪಸ್ ಕಳಿಸಿದೆ. ಅಲ್ಲಿ ಪ್ಲೇಟ್ ಸಮೇತ ಫ್ರೀ ಹಾಕಿಕೊಟ್ಟಿದ್ದಾರೆ ಅಂತ ನಿನ್ನೆ ಫೋನ್ ಬಂತು.