‘ಕಸಬರಿಗಿ ಮ್ಯಾಲ ಕುಂದ್ರತಾರೇನ್ರಿ, ಅಕ್ಕೋರ?’

ವಿಜಯಪುರ ಜಿಲ್ಲೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ನಾನು ವಾರ್ಡನ್. ಆರು, ಏಳನೇ ಕ್ಲಾಸಿನ ಹುಡುಗಿಯರು. ರಾತ್ರಿ ಊಟದ ನಂತರ ಕರೆಂಟು ಹೋದರೆ ಸಾಕು, ಗಲಾಟೆ. ಅದನ್ನು ತಡೆಯಲಿಕ್ಕೆ ಕಥೆ ಹೇಳಲು ಶುರು ಮಾಡಿದೆ. ದೊಡ್ಡ ಉದ್ದೇಶ ಏನೂ ಇರಲಿಲ್ಲ.

ಆರಿಸಿಕೊಂಡದ್ದು ಜಿಲ್ ಮರ್ಫಿ ಅವರ ‘ದಿ ವರ್ಸ್ಟ್ ವಿಚ್’. 1974ರಲ್ಲಿ ಬಂದ ಸಣ್ಣ ಇಂಗ್ಲಿಷ್ ಕಾದಂಬರಿ. ಬೆಟ್ಟದ ಮೇಲಿನ ವಸತಿ ಶಾಲೆ, ಮಂತ್ರ ಕಲಿಯುವ ಹುಡುಗಿಯರು, ಅವರಲ್ಲಿ ಎಲ್ಲದರಲ್ಲೂ ಎಡವುವ ಮಿಲ್ಡ್ರೆಡ್. ಹಾಸ್ಟೆಲ್ ಮಕ್ಕಳಿಗೆ ಹಾಸ್ಟೆಲ್ ಕಥೆ ಅಲ್ವಾ, ಹಿಡಿಸುತ್ತೆ ಅಂದುಕೊಂಡೆ. ಮಕ್ಕಳು ಹೆದರುತ್ತಾರೆ ಅಂತ ಮೊದಲು ಪ್ರಕಾಶಕರು ಇದನ್ನು ಬೇಡ ಅಂದಿದ್ದರಂತೆ.

ನಮ್ಮಲ್ಲಿ ಕಷ್ಟವಾದದ್ದು ಒಂದೇ ಒಂದು ಪದದಿಂದ. ಮೊದಲ ರಾತ್ರಿ ನಾನು ಸಲೀಸಾಗಿ ‘ಮಾಟಗಾತಿ’ ಅಂದೆ. ಮರುದಿನ ಒಬ್ಬಳು ಕಥೆಗೆ ಬರಲಿಲ್ಲ, ಹಾಸಿಗೆಯಲ್ಲೇ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಕೇಳಿದರೆ, ‘ನಮ್ಮ ಆಯಿಗೆ ಓಣ್ಯಾಗ ಹಂಗಂತಾರ್ರೀ’ ಅಂದಳು. ನನಗೆ ಮಾತೇ ಹೊರಡಲಿಲ್ಲ. ಇಂಗ್ಲಿಷಿನಲ್ಲಿ ನಗು ತರಿಸುವ ಪದ ನಮ್ಮ ಊರುಗಳಲ್ಲಿ ಒಂದು ಮುದುಕಿಯನ್ನು ನೀರಿನ ನಲ್ಲಿಯಿಂದ ದೂರ ನಿಲ್ಲಿಸಬಲ್ಲದು.

ಹುಡುಗಿಯರನ್ನೇ ಕೇಳಿದೆ, ಏನಂತ ಕರೆಯೋಣ? ‘ಹಾಲು ಮಾರಾಕಿ ಹಾಲಿನಾಕಿ, ಮಂತ್ರ ಕಲಿಯಾಕಿ ಮಂತ್ರದಾಕಿ’ ಅಂದಳು ಒಬ್ಬಳು. ಅಲ್ಲಿಗೆ ಮುಗೀತು. ಮೂರನೇ ರಾತ್ರಿ ಗೋಡೆ ಕಡೆ ತಿರುಗಿದ್ದವಳೂ ಬಂದು ಕೂತಳು, ಸ್ವಲ್ಪ ದೂರದಲ್ಲಿ.

ಪುಸ್ತಕ ಹಿಡಿದು ಅಲ್ಲಲ್ಲೇ ಕನ್ನಡಕ್ಕೆ ತಿರುಗಿಸುತ್ತಾ ಓದಿದೆ. ಎರಡು ರಾತ್ರಿ ಬರೀ ಆಕಳಿಕೆ. ಆಮೇಲೆ ಮಧ್ಯಾಹ್ನವೇ ಒಂದು ಅಧ್ಯಾಯ ಓದಿಕೊಂಡು, ರಾತ್ರಿ ಪುಸ್ತಕ ಮುಚ್ಚಿಟ್ಟು ಹೇಳತೊಡಗಿದೆ. ಚಿತ್ರ ಬಂದಾಗ ಮಾತ್ರ ಟಾರ್ಚ್ ಹಾಕಿ ತೋರಿಸುವುದು. ಚಿತ್ರಗಳನ್ನೂ ಮರ್ಫಿ ಅವರೇ ಬರೆದದ್ದು.

ಕಸಬರಿಗೆಯ ರಾತ್ರಿ ಮರೆಯೋ ಹಾಗಿಲ್ಲ. ಮಂತ್ರದಾಕಿಯರು ಅದರ ಮೇಲೆ ಕೂತು ಹಾರುತ್ತಾರೆ ಅಂದೆ. ‘ಕಸಬರಿಗಿ ಮ್ಯಾಲ ಕುಂದ್ರತಾರೇನ್ರಿ, ಅಕ್ಕೋರ? ಲಕ್ಷ್ಮಿ ಅಲ್ರೀ ಅದು?’ ದಾಟಿದರೇ ಮನೆಯಲ್ಲಿ ಬೈಸಿಕೊಳ್ಳುವ ಮಕ್ಕಳು. ಇನ್ನೊಬ್ಬಳದು ಲೆಕ್ಕದ ತಕರಾರು: ನಮ್ಮ ಕಸಬರಿಗೆ ಮೊಳದಷ್ಟು ಉದ್ದ, ಕೂರೋದೆಲ್ಲಿ? ಎದ್ದು ಹೋಗಿ ಜೇಡರ ಬಲೆ ತೆಗೆಯುವ ಉದ್ದ ಕೋಲಿನ ಪೊರಕೆ ತಂದಳು. ಲಕ್ಷ್ಮಿಗೆ ಕೈ ಮುಗಿದು, ಒಬ್ಬೊಬ್ಬರಾಗಿ ಅದರ ಮೇಲೆ ಕೂತು ಕಾರಿಡಾರ್ ತುಂಬ ಓಡಿದರು. ಅರ್ಧ ಗಂಟೆ ಕಥೆ ನಿಂತಿತು. ನಿಲ್ಲಲಿ ಬಿಡು ಅಂದುಕೊಂಡೆ.

ಬೆಕ್ಕಿನದೂ ಹಾಗೇ. ಶಾಲೆಯಲ್ಲಿ ಎಲ್ಲರಿಗೂ ಕರಿ ಬೆಕ್ಕಿನ ಮರಿ ಸಿಗುತ್ತೆ, ಮಿಲ್ಡ್ರೆಡ್ ಸರದಿಗೆ ಕರಿದು ಮುಗಿದು ಪಟ್ಟೆ ಪಟ್ಟೆಯದು ಉಳಿದಿರುತ್ತೆ. ಪಾಪ ಅನ್ನುತ್ತಾರೆ ಅಂತ ಕಾದೆ. ‘ಚಲೋ ಆತು ಬಿಡ್ರಿ, ಅಡ್ಡ ಬಂದ್ರೂ ಚಿಂತಿಲ್ಲ’ ಅಂದರು!

ಕೋಟೆಯಂಥ ಶಾಲೆಯನ್ನು ವಿವರಿಸುವುದು ಸುಲಭವಾಯಿತು. ಎಲ್ಲರೂ ಗೋಲಗುಮ್ಮಟ ನೋಡಿದವರೇ. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ ಬಂದವರೇ. ಬೆಟ್ಟ ಮಾತ್ರ ನಮ್ಮ ಎರಿ ಹೊಲದ ಸೀಮೆಯಲ್ಲಿ ಇಲ್ಲ. ಅದನ್ನು ಬಿಟ್ಟೇಬಿಟ್ಟೆ.

ಕೊನೆಗೆ ಉಳಿದವರು ಮಿಸ್ ಹಾರ್ಡ್‌ಬ್ರೂಮ್. ಸದ್ದಿಲ್ಲದೆ ಬಂದು ಹಿಂದೆ ನಿಂತು ಬೆಚ್ಚಿಬೀಳಿಸುವ ಟೀಚರ್. ಇವರಿಗೊಂದು ಕನ್ನಡ ಹೆಸರು ಕೊಡಿ ಅಂದೆ. ಎಲ್ಲರೂ ಗಪ್‌ಚುಪ್. ಒಬ್ಬರ ಮುಖ ಒಬ್ಬರು ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಎಲ್ಲರಿಗಿಂತ ಸಣ್ಣವಳು ತಡೆಯಲಾರದೆ, ‘ಅಕ್ಕೋರ, ಒಂದ್ ಹೆಸರ ಮೊದ್ಲ ಐತ್ರಿ’ ಅಂದಳು.

‘ಏನು?’

‘ಟಾರ್ಚ್ ಅಕ್ಕೋರು.’

ಮುಂದಿನ ಅಧ್ಯಾಯದಿಂದ ಹಾರ್ಡ್‌ಬ್ರೂಮ್ ಕೈಗೆ ನಾನೇ ಒಂದು ಟಾರ್ಚ್ ಕೊಟ್ಟೆ.